ವಾರಗಿತ್ತಿ ತಂದ ಮೋಡೆಮ್

ಮೋಡೆಮ್ ಮೊದಲ ಸಲ ಕೀರಲು ದನಿಯಲ್ಲಿ ಕೂಗಿದಾಗ ಝೆರಾಕ್ಸಿಗೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ನಾನೊಬ್ಬಳು ತಲೆ ಎತ್ತಲಿಲ್ಲ. ಯಾರದೋ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಬೆರಳುಗಳು ಓಡುತ್ತಿದ್ದವು, ಆದರೆ ಏನು ಹೊಡೆಯುತ್ತಿದ್ದೇನೆ ಅನ್ನುವುದು ನನಗೇ ಗೊತ್ತಿರಲಿಲ್ಲ. ಕಿವಿ ಪೂರ್ತಿ ಆ ಮೂಲೆಯಲ್ಲಿತ್ತು.

ಆ ಮೂಲೆಯಲ್ಲಿ ಕೂತಿದ್ದವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳು, ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡವಳು. ತವರಿನಿಂದ ಬರುವಾಗ ಸೀರೆಗಳ ಪೆಟ್ಟಿಗೆಯ ಜೊತೆ, ಫೋನ್ ಲೈನಿನಿಂದ ಕಂಪ್ಯೂಟರನ್ನು ಇಂಟರ್‌ನೆಟ್ಟಿಗೆ ಸೇರಿಸುವ ಈ ಮೋಡೆಮ್ಮನ್ನೂ ಟವೆಲ್ಲಿನಲ್ಲಿ ಸುತ್ತಿಕೊಂಡು ತಂದಿದ್ದಳು.

ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮದು ಟೈಪಿಂಗ್, ಝೆರಾಕ್ಸ್, ಡಿಟಿಪಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ನಮ್ಮನೆಯವರು ಝೆರಾಕ್ಸ್ ಮತ್ತು ಬೈಂಡಿಂಗ್ ನೋಡಿಕೊಳ್ಳುತ್ತಿದ್ದರು. ಕನ್ನಡ ಡಿಟಿಪಿ ನನ್ನದು. ಬೆಳಿಗ್ಗೆ ಬಂದ ಕೂಡಲೆ ನಾನು ಮಾಡುತ್ತಿದ್ದ ಮೊದಲ ಕೆಲಸ ಬ್ರಶ್ ಹಿಡಿದು ಕೀಬೋರ್ಡ್ ಒರೆಸುವುದು. ಅದಿರಿನ ಲಾರಿಗಳು ಎಬ್ಬಿಸುವ ಕೆಂಪು ಧೂಳು ಗಾಜಿನ ಬಾಗಿಲು ಹಾಕಿದರೂ ಒಳಗೆ ಬರುತ್ತಿತ್ತು. ಊರಿನಲ್ಲಿ ನನ್ನಷ್ಟು ಜೋರಾಗಿ ಕನ್ನಡ ಹೊಡೆಯುವವರಿಲ್ಲ ಅಂತ ಪ್ರೆಸ್ಸಿನವರೇ ಹೇಳುತ್ತಿದ್ದರು. ಪಿಯುಸಿ ಫೇಲಾದವಳಿಗೆ ಆ ಮಾತು ಎಷ್ಟು ದೊಡ್ಡದು ಅನ್ನುವುದು ಅದನ್ನು ಹೇಳಿದವರಿಗೆ ಗೊತ್ತಿರಲಿಕ್ಕಿಲ್ಲ.

ಆವತ್ತು ಅವಳು ಮಾಡಿದ್ದು ಇಷ್ಟೇ. ಹೊಸ ವಿಂಡೋಸ್ ಹಾಕಿಸಿದ ಮೇಲೆ ನಮ್ಮ ಒಂದು ಪ್ರಿಂಟರ್ ಕೆಲಸ ನಿಲ್ಲಿಸಿತ್ತು. ಅದಕ್ಕೆ ಬೇಕಾದ ಡ್ರೈವರ್ ಫೈಲನ್ನು ಪ್ರಿಂಟರ್ ಕಂಪನಿಯ ಜಾಲತಾಣದಿಂದ ಇಳಿಸಿದಳು. ಅರ್ಧ ತಾಸಿನಲ್ಲಿ ಆ ಪ್ರಿಂಟರ್ ಗರಗರ ಅಂತ ಕಾಗದ ಉಗುಳಿತು. ರಿಪೇರಿಗೆ ಹುಬ್ಬಳ್ಳಿಗೆ ಕಳಿಸಬೇಕು ಅಂತ ಕೂತಿದ್ದ ನಮ್ಮನೆಯವರು ಚಪ್ಪಾಳೆ ತಟ್ಟಿದರು. ಮೇಲಿಂದ ಅತ್ತೆ ಇಳಿದು ಬಂದರು.

"ಸಣ್ಣಾಕಿ ಕೈಯಾಗ ಅದೇನ್ ಐತೋ ಏನೋ. ಸತ್ತದ್ದನ್ನ ಎಬ್ಬಿಸಿ ಕುಂದ್ರಿಸ್ಯಾಳ ನೋಡ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಲಗ್ನಪತ್ರಿಕೆ ನೋಡಿಕೊಂಡರೆ ಹುಡುಗನ ಸೋದರಮಾವನ ಹೆಸರನ್ನು ಎರಡೆರಡು ಸಲ ಹೊಡೆದಿದ್ದೆ.

ಅಂದಿನಿಂದ ಅಂಗಡಿಗೆ ಬಂದವರು ಮೊದಲು ಆ ಮೂಲೆಯ ಕಡೆ ನೋಡತೊಡಗಿದರು. ವೈರಸ್ ಬಂದೈತ್ರಿ, ರಿಸಲ್ಟ್ ನೋಡಬೇಕಾಗಿತ್ರಿ, ಹಾಡು ಸಿಗತಾವೇನ್ರಿ. ಅವಳು ಎಲ್ಲರಿಗೂ "ಕುಂದ್ರಿ, ನೋಡೋಣು" ಅನ್ನುತ್ತಿದ್ದಳು. ಜಂಬ ಮಾಡುವವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳಿಗೆ ಜಂಬವಿರಲಿಲ್ಲ. ರೊಟ್ಟಿ ಬಡಿಯುವುದರಲ್ಲೂ ನನಗೆ ಸಮ. ನಾನು ಬೈಯುವುದಕ್ಕೆ ಕಾರಣ ಹುಡುಕುತ್ತಿದ್ದೆ, ಸಿಗುತ್ತಿರಲಿಲ್ಲ, ಅದಕ್ಕೂ ಸಿಟ್ಟು ಬರುತ್ತಿತ್ತು.

ಹೀಗಿರುವಾಗ ಸಂಡೂರಿನಿಂದ ಒಬ್ಬ ನರ್ಸಮ್ಮ ಬಂದರು. ನಿವೃತ್ತರಾದವರು. ಎಲ್ಲರೂ ಅವರನ್ನು ಸಿಸ್ಟರ್ ಅಂತಲೇ ಕರೆಯುತ್ತಿದ್ದರು. ಗಣಿ ಕೆಲಸದವರ ಮನೆಗಳಿಗಾಗಿ ಅವರೊಂದು ಪುಸ್ತಿಕೆ ಬರೆದಿದ್ದರು. ಧೂಳಿನ ಕೆಮ್ಮು, ಬಸುರಿ ಬಾಣಂತಿಯರ ಆರೈಕೆ, ಕೂಸಿಗೆ ವಾಂತಿಭೇದಿ ಆದರೆ ಏನು ಮಾಡಬೇಕು, ಹೀಗೆ. ಯಶವಂತನಗರದ ಒಂದು ಆಫೀಸಿನಲ್ಲಿ ಪರಿಚಯದವರು ಅದನ್ನು ಕಂಪ್ಯೂಟರಿಗೆ ಹಾಕಿಕೊಟ್ಟಿದ್ದರು. ಅಲ್ಲೇ ಒಂದು ಆರೋಗ್ಯ ಶಿಬಿರ ಹತ್ತಿರ ಬಂದಿತ್ತು. ಅಷ್ಟರೊಳಗೆ ಪುಸ್ತಿಕೆ ಅಚ್ಚಾಗಬೇಕಿತ್ತು.

ಫ್ಲಾಪಿ ಹಾಕಿ ಫೈಲ್ ತೆಗೆದೆ. ಪರದೆಯ ತುಂಬ ಅರ್ಥವಿಲ್ಲದ ಗೆರೆ, ಚುಕ್ಕೆ, ಇಂಗ್ಲಿಷ್ ಅಕ್ಷರ. ಆಗ ಕನ್ನಡದ ಒಂದೊಂದು ಸಾಫ್ಟ್‌ವೇರಿಗೂ ಒಂದೊಂದು ಬಗೆಯ ಅಕ್ಷರ. ಒಂದರಲ್ಲಿ 'ಕ' ಇದ್ದ ಜಾಗದಲ್ಲಿ ಇನ್ನೊಂದರಲ್ಲಿ ಬೇರೇನೋ ಕೂತಿರುತ್ತಿತ್ತು. ಅವರು ಹೊಡೆಸಿದ ಸಾಫ್ಟ್‌ವೇರ್ ನಮ್ಮಲ್ಲಿರಲಿಲ್ಲ, ನಮ್ಮದು ಬಿಟ್ಟು ಬೇರೆಯದು ನಾವು ಅಚ್ಚಿಗೆ ಕೊಡುವ ಪ್ರೆಸ್ಸಿನಲ್ಲಿ ನಡೆಯುತ್ತಿರಲಿಲ್ಲ.

"ಕಾಗದದ ಮ್ಯಾಲೆ ಪ್ರಿಂಟ್ ಐತಲ್ರಿ, ಕೊಡ್ರಿ. ನಾನು ಮತ್ತ ಹೊಡದು ಕೊಡ್ತೀನಿ, ಜಲ್ದಿ ಆಗ್ತೈತಿ," ಅಂದೆ.

ಸಿಸ್ಟರ್ ತಲೆ ಅಲ್ಲಾಡಿಸಿದರು. "ಬ್ಯಾಡವ್ವಾ. ಇದನ್ನ ಒಂದೊಂದು ಅಕ್ಷರ ತಿದ್ದೀನಿ ನಾನು. ಹೋದ ಸಲ ಬ್ಯಾರೆ ಕಡೆ ಮತ್ತ ಹೊಡಿಸಿದ್ನಿ. ಔಷಧದ ಅಳತೀನ ತಪ್ಪಿಸಿಬಿಟ್ಟಿದ್ರು. ಅಷ್ಟೂ ಹಾಳಿ ಸುಡಬೇಕಾತು. ಇದ್ದದ್ದು ಇದ್ದಂಗ ಬರೋದಾದ್ರ ನೋಡು."

ಮೂಲೆಯಿಂದ ವಾರಗಿತ್ತಿ ಎದ್ದು ಬಂದಳು. "ಒಂದು ಅಕ್ಷರದಿಂದ ಇನ್ನೊಂದು ಅಕ್ಷರಕ್ಕ ಬದಲಾಯಿಸೋ ಪ್ರೋಗ್ರಾಮ್ ಅದಾವ್ರಿ ಸಿಸ್ಟರ್. ಯಾರೋ ಕನ್ನಡದೋರೇ ಪರದೇಶದಾಗ ಕುಂತು ಬರದು, ಒಂದು ಯೂನಿವರ್ಸಿಟಿ ಕಂಪ್ಯೂಟರಿನಾಗ ಇಟ್ಟಾರ. ಯಾರು ಬೇಕಾದ್ರೂ ಇಳಿಸಿಕೊಬೌದು."

ಸಿಸ್ಟರ್ ನನ್ನ ಕಡೆಯಿಂದ ಕುರ್ಚಿ ತಿರುಗಿಸಿ ಅವಳ ಕಡೆ ಕೂತರು. ಆ ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದು ನನಗಿನ್ನೂ ನೆನಪಿದೆ. ಇಷ್ಟು ವರ್ಷ ನಾನು ಜೋರಾಗಿ ಹೊಡೆಯುವುದು ಗುಣವಾಗಿತ್ತು. ಈಗ ಹೊಡೆಯುವುದೇ ಬೇಡ ಅನ್ನುವ ಯಂತ್ರವೊಂದು ಎಲ್ಲೋ ಇತ್ತು, ಅದರ ದಾರಿ ಗೊತ್ತಿದ್ದವಳು ಅವಳೊಬ್ಬಳೇ.

ಮಾರನೆ ದಿನ ಅವಳು ತಮ್ಮನ ನಿಶ್ಚಿತಾರ್ಥಕ್ಕೆಂದು ಕಂಪ್ಲಿಗೆ ಹೊರಡುವವಳಿದ್ದಳು. ಬ್ಯಾಗ್ ತುಂಬುತ್ತ ಕೇಳಿದಳು:

"ಅಕ್ಕಾ, ಇಳಿಸೋದು ಹೆಂಗ ಅಂತ ತೋರಿಸಿ ಹೋಗ್ಲೇನ್ರಿ? ಬಂದ ಮ್ಯಾಲೆ ಮಾಡಿದ್ರೂ ನಡೀತೈತಿ, ಆದ್ರ ಸಿಸ್ಟರಿಗೆ ಅವಸರ ಐತಿ."

"ಬ್ಯಾಡ ಬಿಡವ್ವಾ. ನನಗ್ಯಾಕ ಅದೆಲ್ಲ," ಅಂದೆ.

ಅವಳು ಬಸ್ ಹತ್ತಿದ ಮೇಲೆ ಹೋಗಿ ಅವಳ ಕುರ್ಚಿಯಲ್ಲಿ ಕೂತೆ. ಅವಳು ಬರುವಷ್ಟರಲ್ಲಿ ಆ ಪ್ರೋಗ್ರಾಮು ನನ್ನ ಕಂಪ್ಯೂಟರಿನಲ್ಲಿ ಇರಬೇಕು, ನಾನೇ ಇಳಿಸಿರಬೇಕು. ಸಿಸ್ಟರ್ ಸಲುವಾಗಿ ಅಂತ ನನಗೆ ನಾನೇ ಹೇಳಿಕೊಂಡೆ.

ಡಯಲ್ ಮಾಡುವುದನ್ನು ಅವಳ ಹಿಂದೆ ನಿಂತು ಕಳ್ಳಗಣ್ಣಿನಿಂದ ನೋಡಿದ್ದೆ. ಕೀರಲು ದನಿ, ಆಮೇಲೆ ಭುಸ್ ಭುಸ್, ಆಮೇಲೆ ಮೌನ. ಮೌನವಾದರೆ ಸೇರಿದೆ ಅಂತ ಅರ್ಥ. ಹುಡುಕುವ ತಾಣದಲ್ಲಿ ಇಂಗ್ಲಿಷಿನಲ್ಲಿ ಕನ್ನಡ, ಫಾಂಟ್, ಕನ್ವರ್ಟರ್ ಅಂತ ಹೊಡೆದೆ. ಒಂದೊಂದು ಪುಟ ಬಿಚ್ಚಿಕೊಳ್ಳುವಷ್ಟರಲ್ಲಿ ಒಂದು ಅರ್ಜಿ ಟೈಪ್ ಮಾಡಿ ಮುಗಿಸಬಹುದಿತ್ತು. ಕೊನೆಗೆ ಆ ಯೂನಿವರ್ಸಿಟಿಯ ಹೆಸರಿದ್ದ ಕಡೆ ನಮಗೆ ಬೇಕಾದ ಫೈಲ್ ಸಿಕ್ಕಿತು. ಒತ್ತಿದೆ. ನೀಲಿ ಪಟ್ಟಿಯೊಂದು ಬೆಳೆಯತೊಡಗಿತು. ಇಬ್ಬನಿ ಬಿದ್ದ ಹಾಗೆ, ಕಂಡೂ ಕಾಣದ ಹಾಗೆ ಬೆಳೆಯಿತು. ನಾನು ಕಣ್ಣು ಕೀಳಲಿಲ್ಲ.

ಪಟ್ಟಿ ತುದಿ ಮುಟ್ಟುವುದಕ್ಕೆ ಇನ್ನೊಂದು ಬೆರಳಗಲ ಇದ್ದಾಗ ನಿಂತುಬಿಟ್ಟಿತು. ಸಂಪರ್ಕ ಹೋಯಿತು. ಮೇಲಿನ ಮನೆಯಲ್ಲಿ ಅತ್ತೆ ತಮ್ಮ ಅಕ್ಕನಿಗೆ ಫೋನ್ ಮಾಡಲು ರಿಸೀವರ್ ಎತ್ತಿದ್ದರು. ಅಂಗಡಿಗೂ ಮನೆಗೂ ಒಂದೇ ಲೈನು.

"ಏನೋ ಕಿರ್ ಅಂತ ಒದರ್ತೈತಲ್ಲೇ, ಕಿವಿ ಹೋತು ನಂದು!" ಅಂತ ಮೇಲಿಂದ ಕೂಗಿದರು.

ಮತ್ತೆ ಮೊದಲಿಂದ. ಈ ಸಲ ಆ ಕಡೆಯ ಕಂಪ್ಯೂಟರೇ ಜನ ಜಾಸ್ತಿ ಆಗಿದ್ದಾರೆ, ಆಮೇಲೆ ಬನ್ನಿ ಅಂದಿತು. ಆಮೇಲೆ ಹೋಗೋಣ ಅಂದರೆ ನಮ್ಮಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕುಂಯ್‌ಗುಟ್ಟುತ್ತಿದ್ದಾಗ ಅಲ್ಲೇ ಕೂತಿದ್ದೆ. ಅವಳು ಇದ್ದಿದ್ದರೆ ಇಷ್ಟೊತ್ತಿಗೆ ಮುಗಿಸಿರುತ್ತಿದ್ದಳು ಅನ್ನುವ ಒಂದೇ ಯೋಚನೆ.

ಹಂಪಿಗೆ ಹೋಗೋಣ ಅನಿಸಿದ್ದು ಆಗ. ವಿದೇಶದವರ ಸಲುವಾಗಿ ಹಂಪಿ ಬಜಾರಿನಲ್ಲಿ ಸೈಬರ್‌ಗಳಾಗಿದ್ದವು, ಅಲ್ಲಿನ ಲೈನು ನಮ್ಮದಕ್ಕಿಂತ ಗಟ್ಟಿ ಅಂತ ಕೇಳಿದ್ದೆ. ಮನೆಯಲ್ಲಿ ದೇವರಿಗೆ ಹೋಗಿ ಬರ್ತೀನಿ ಅಂದೆ. ಸುಳ್ಳಾಗಬಾರದು ಅಂತ ಮೊದಲು ವಿರೂಪಾಕ್ಷನಿಗೆ ಕೈಮುಗಿದು, ಆಮೇಲೆ ಸೈಬರ್ ಹೊಕ್ಕೆ.

ಅದನ್ನು ನಡೆಸುತ್ತಿದ್ದವರು ಗೈಡ್ ಕೆಲಸ ಬಿಟ್ಟು ಕಂಪ್ಯೂಟರ್ ಇಟ್ಟಿದ್ದ ಹಿರಿಯರು. ಮಾತೆಲ್ಲ ಇನ್ನೂ ಗೈಡಿನ ಮಾತೇ.

"ನೀವು ಹುಡುಕೋ ಸಾಮಾನು ಇರೋದು ಒಂದು ಉಗ್ರಾಣದಾಗ್ರಿ. ಪುಟ ಗಿಟ ಏನಿಲ್ಲ ಅಲ್ಲಿ, ಬಾಗಿಲು ತೆಗದು ಸೀದಾ ಒಳಗ ಹೋಗೋದು. ಎಫ್‌ಟಿಪಿ ಅಂತಾರ. ಹೆಸರು ಕೇಳಿದ್ರ ಅನಾನಿಮಸ್ ಅನ್ನಿ, ಅಂದ್ರ ಹೆಸರಿಲ್ಲದೋರು ಅಂತ. ಪಾಸ್‌ವರ್ಡ್ ಕೇಳಿದ್ರ ನಿಮ್ಮ ಇಮೇಲ್ ಹೊಡೀರಿ. ಅದು ಮರ್ಯಾದಿ."

ನನಗೆ ಇಮೇಲ್ ಇರಲಿಲ್ಲ. ಅದನ್ನೂ ಅಲ್ಲೇ ಮಾಡಿಕೊಟ್ಟರು. ಕರಿ ಪರದೆಯ ಮೇಲೆ ಬಿಳಿ ಅಕ್ಷರ. ಸಿಡಿ ಅಂತ ಹೊಡೆದರೆ ಒಳಗಿನ ಕೋಣೆಗೆ ಹೋಗುತ್ತದೆ, ಎಲ್‌ಎಸ್ ಅಂದರೆ ಅಲ್ಲಿ ಏನೇನಿದೆ ಅಂತ ತೋರಿಸುತ್ತದೆ, ಗೆಟ್ ಅಂದರೆ ತರುತ್ತದೆ. ಟೈಪಿಂಗ್ ಕೆಲಸವಾದ್ದರಿಂದ ಕೈಗೆ ಬೇಗ ಹತ್ತಿತು. ಚಿತ್ರ ಒತ್ತುತ್ತ ಕೂರುವುದಕ್ಕಿಂತ ಇದೇ ನನ್ನ ಜಾತಿಯದು ಅನಿಸಿತು. ಫೈಲ್ ಬಂತು. ಫ್ಲಾಪಿಗೆ ಹಾಕಿಕೊಂಡು, ಸೆರಗಿನಲ್ಲಿ ಸುತ್ತಿ ಬಸ್ ಹತ್ತಿದೆ. ಕಡ್ಡಿರಾಂಪುರ ದಾಟುವಾಗ ಮನಸ್ಸಿನಲ್ಲೇ ಅವಳಿಗೆ ಹೇಳುವ ಮಾತು ಜೋಡಿಸಿಕೊಂಡಿದ್ದೆ: 'ಓ ಅದಾ, ಇಳಿಸೀನಿ ಬಿಡವ್ವಾ, ಅಲ್ಲೈತಿ ನೋಡು.'

ಅಂಗಡಿಯಲ್ಲಿ ಫ್ಲಾಪಿ ಹಾಕಿ ಬಿಚ್ಚಲು ಹೋದರೆ, ಫೈಲ್ ಕೆಟ್ಟಿದೆ ಅಂತ ಬಂತು. ಇನ್ನೊಂದು ಕಂಪ್ಯೂಟರಿನಲ್ಲೂ ಅದೇ.

ಮತ್ತೆ ಹಂಪಿಗೆ. ಈ ಸಲ ದೇವಸ್ಥಾನಕ್ಕೆ ಹೋಗಲಿಲ್ಲ. ಆ ಹಿರಿಯರು ನನ್ನ ಪಕ್ಕ ಕೂತು, ನಾನು ಏನೇನು ಹೊಡೆದೆ ಅಂತ ಒಂದೊಂದಾಗಿ ಕೇಳಿಸಿಕೊಂಡರು. ಆಮೇಲೆ ಹಣೆ ಬಡಿದುಕೊಂಡರು.

"ನಂದೇ ತಪ್ಪು. ಬೈನರಿ ಹೇಳೋದು ಮರತ್ನಿ. ಗೆಟ್ ಅನ್ನೋಕ್ಕಿಂತ ಮೊದಲು ಬೈನರಿ ಅಂತ ಹೊಡೀಬೇಕ್ರಿ. ಇಲ್ಲಂದ್ರ ಆ ಯಂತ್ರ ಇದೂ ಒಂದು ಬರೆದ ಕಾಗದ ಅಂತ ತಿಳಕೊಂಡು, ಸಾಲಿನ ತುದಿಗೆ ತನ್ನದೇನಾದ್ರೂ ಸೇರಿಸ್ತೈತಿ. ಕಾಗದ ಆದ್ರ ನಡೀತೈತಿ. ಪ್ರೋಗ್ರಾಮ್ ಆದ್ರ ಸತ್ತೇ ಹೋಗ್ತೈತಿ."

ಬೈನರಿ ಅಂತ ಹೊಡೆದೆ. ಮತ್ತೆ ತಂದೆ. ಅಲ್ಲೇ ಬಿಚ್ಚಿ ನೋಡಿ, ಸರಿಯಿದೆ ಅಂತ ಖಾತ್ರಿ ಮಾಡಿಕೊಂಡು ಹೊರಟೆ.

ಈ ಸಲ ಅಂಗಡಿಯಲ್ಲಿ ಫೈಲ್ ಬಿಚ್ಚಿಕೊಂಡಿತು. ಖುಷಿಯಿಂದ ಪ್ರೋಗ್ರಾಮ್ ಒತ್ತಿದರೆ, ಇನ್ಯಾವುದೋ ರನ್‌ಟೈಮ್ ಫೈಲ್ ಇಲ್ಲ, ನಡೆಯುವುದಿಲ್ಲ ಅಂತ ಒಂದು ಸಣ್ಣ ಡಬ್ಬಿ ಬಂತು. ಹುಡುಕಿದರೆ ಆ ಫೈಲ್ ಒಂದು ಫ್ಲಾಪಿಗೆ ಹಿಡಿಸುವಂಥದ್ದಲ್ಲ. ಹಂಪಿಯಿಂದ ತರುವ ಹಾಗಿಲ್ಲ. ನಮ್ಮ ಲೈನಿನಲ್ಲೇ ಇಳಿಸಬೇಕು. ನಿಂತಲ್ಲಿಂದ ಮುಂದುವರಿಸುವ ಒಂದು ಸಣ್ಣ ಸಾಫ್ಟ್‌ವೇರನ್ನು ಆ ಹಿರಿಯರು ನಮ್ಮ ಲೈನಿನ ಗೋಳು ಕೇಳಿ ಫ್ಲಾಪಿಯಲ್ಲಿ ಹಾಕಿಕೊಟ್ಟಿದ್ದರು. ಆದರೂ ಫೋನ್ ಎತ್ತುವವರು ಎತ್ತುತ್ತಿದ್ದರೆ ಅದಾದರೂ ಏನು ಮಾಡೀತು?

ಮೇಲೆ ಹೋಗಿ ಅತ್ತೆಯ ಮುಂದೆ ಕೂತೆ. ಫೋನ್ ಲೈನಿನಲ್ಲಿ ಒಂದು ಸಾಮಾನು ಬರುವುದಿದೆ, ಬಂದು ಮುಗಿಯುವ ತನಕ ಯಾರೂ ಮುಟ್ಟಬಾರದು ಅಂತ ಹೇಳಿದೆ. ಅವರು ವಿಭೂತಿ ಗಟ್ಟಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ, ನನ್ನನ್ನೇ ನೋಡಿದರು.

"ಆಕಿ ಬರೋದ್ರಾಗ ಮುಗಿಸಬೇಕೇನು?"

ನಾನು ಫೋನಿನ ವೈರಿನ ಗಂಟು ಬಿಡಿಸುತ್ತ ಕೂತೆ.

"ಹೋಗು. ಯಾರೂ ಎತ್ತದಂಗ ನಾ ನೋಡ್ಕೋತೀನಿ."

ಫೋನಿನ ಮೇಲೆ ರೊಟ್ಟಿ ಬುಟ್ಟಿ ಬೋರಲು ಹಾಕಿ, ಪಕ್ಕದಲ್ಲೇ ಕುಳಿತು ಅಂದೆಲ್ಲ ಅಕ್ಕಿ ಆರಿಸಿದರು. ನೆರೆಮನೆಯವರೊಬ್ಬರು ಫೋನ್ ಮಾಡಲು ಬಂದರೆ "ಸಾಮಾನು ಬರಾಕತ್ತೈತಿ, ಆಮ್ಯಾಲೆ ಬರ್ರಿ" ಅಂತ ಕಳಿಸಿದರು. ಸಂಪರ್ಕ ಎಷ್ಟೋ ಸಲ ತಾನಾಗಿ ಹೋಯಿತು. ಪ್ರತಿ ಸಲವೂ ನಿಂತಲ್ಲಿಂದ ಮುಂದುವರಿಯಿತು. ಸಂಜೆಗೆ ರನ್‌ಟೈಮ್ ಫೈಲ್ ಬಂದು ಮುಟ್ಟಿತು. ಪ್ರೋಗ್ರಾಮ್ ತೆರೆಯಿತು. ಸಿಸ್ಟರ್ ಫೈಲನ್ನು ಅದರೊಳಗೆ ಹಾಕಿ ಒತ್ತಿದೆ. ಪರದೆಯ ತುಂಬ ಇದ್ದ ಗೆರೆ ಚುಕ್ಕೆಗಳು ಹೋಗಿ ಕನ್ನಡ ನಿಂತಿತು.

ನಾನು ಒಂದಕ್ಷರವನ್ನೂ ಟೈಪ್ ಮಾಡಿರಲಿಲ್ಲ. ಬೆರಳು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದೆ. ಸಂತೋಷವೋ ಭಯವೋ ಗೊತ್ತಾಗಲಿಲ್ಲ.

ಮರುದಿನವೇ ಸಿಸ್ಟರನ್ನು ಕರೆಸಿದೆ. ಪ್ರಿಂಟ್ ತೆಗೆದು ಕೊಟ್ಟೆ. ಅವರು ಕನ್ನಡಕ ಏರಿಸಿ ಓದುತ್ತ ಹೋದರು. ವಾಂತಿಭೇದಿಯ ಪುಟಕ್ಕೆ ಬಂದು ನಿಂತರು.

"ಇದೇನವ್ವಾ? 'ಅಧರ್ ಚಮಚ ಉಪ್ಪು' ಅಂತೈತಲ್ಲ?"

ನೋಡಿದೆ. ಅರ್ಧ ಅನ್ನುವುದು ಅಧರ್ ಆಗಿತ್ತು. ವರ್ಷ ಅನ್ನುವುದು ವಷರ್. ಗರ್ಭಿಣಿ ಅನ್ನುವುದು ಓದಲಿಕ್ಕೇ ಬರದ ಹಾಗಿತ್ತು. ಅರ್ಕಾವತ್ತು ಇದ್ದ ಕಡೆಯೆಲ್ಲ ಹೀಗೆ. ಕೆಲವು ಒತ್ತಕ್ಷರಗಳೂ ಅದಲು ಬದಲಾಗಿದ್ದವು.

"ಸಕ್ಕರಿ ಉಪ್ಪಿನ ನೀರು ಇದು," ಅಂದರು ಸಿಸ್ಟರ್, ದನಿ ಏರಿಸದೆ. "ಅರ್ಧ ಅನ್ನೋದು ತಿಳೀಲಿಲ್ಲ ಅಂದ್ರ ಆ ತಾಯಿ ಪೂರಾ ಚಮಚ ಹಾಕ್ತಾಳ. ಮೊದಲೇ ಒಣಗಿದ ಕೂಸು. ಅಷ್ಟು ಉಪ್ಪು ತಡ್ಕೊಳ್ಳಂಗಿಲ್ಲ ಅದು."

ಅವರು ಹೋದ ಮೇಲೆ ಆ ಪ್ರಿಂಟ್ ಹಿಡಿದು ಕೂತೆ. ಅರ್ಕಾವತ್ತು ಇರುವ ಪದಗಳನ್ನೆಲ್ಲ ಕೈಯಿಂದ ತಿದ್ದಬಹುದಿತ್ತು. ಆದರೆ ಪುಟಕ್ಕೆ ಎಷ್ಟೋ ಇದ್ದವು, ಒಂದನ್ನು ಬಿಟ್ಟರೂ ಅದೇ ಆ ಚಮಚದ ಅರ್ಧವಾಗಬಹುದು. ಇಡೀ ಪುಸ್ತಿಕೆಯನ್ನು ಮೊದಲಿಂದ ನಾನೇ ಹೊಡೆದು, ಪ್ರೋಗ್ರಾಮಿನಿಂದ ಬಂತು ಅಂತ ಸಿಸ್ಟರಿಗೆ ಹೇಳುವ ದಾರಿಯೂ ಇತ್ತು. ಅದನ್ನು ಯೋಚಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಮತ್ತೊಂದು ದಾರಿ ಕಂಪ್ಲಿಯದು. ಅದಕ್ಕಿಂತ ಉದ್ದದ ದಾರಿ ಆ ಹೊತ್ತಿನಲ್ಲಿ ನನಗೆ ಬೇರೆ ಇರಲಿಲ್ಲ. ಬಾಯಿಬಿಟ್ಟು ಕೇಳಬೇಕು. 'ನನಗ್ಯಾಕ ಅದೆಲ್ಲ' ಅಂದ ಬಾಯಿಂದಲೇ ಕೇಳಬೇಕು.

ಪ್ರೋಗ್ರಾಮ್, ಪುಸ್ತಿಕೆ, ನಮ್ಮ ಸಾಫ್ಟ್‌ವೇರಿನ ಅಕ್ಷರಗಳು ಇದ್ದ ಫ್ಲಾಪಿಗಳನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಕಂಪ್ಲಿ ಬಸ್ ಹತ್ತಿದೆ.

ನಿಶ್ಚಿತಾರ್ಥದ ಮನೆ, ಇನ್ನೂ ನೆಂಟರಿದ್ದರು. ವಾರಗಿತ್ತಿ ನನ್ನನ್ನು ನೋಡಿ ಗಾಬರಿಯಾದಳು. "ಅಕ್ಕಾ! ಮನ್ಯಾಗ ಎಲ್ಲಾ ಆರಾಮ ಅದಾರಲ್ರಿ?"

"ಎಲ್ಲಾ ಆರಾಮ. ಆ ಪ್ರೋಗ್ರಾಮ್ ಇಳಿಸೀನಿ," ಅಂದೆ. ಬಸ್ಸಿನಲ್ಲಿ ಅಷ್ಟು ಸಲ ಜೋಡಿಸಿಕೊಂಡ ಮಾತು ಒಣ ಒಣ ಹೊರಬಿತ್ತು. "ಅರ್ಕಾವತ್ತು ಬರವಲ್ದು. ನನಗ ತಿಳೀವಲ್ದು."

ಅವಳು ಕೈ ಒರೆಸಿಕೊಂಡು, ನೆಂಟರನ್ನು ಅಲ್ಲೇ ಬಿಟ್ಟು ನನ್ನನ್ನು ಗಿರಣಿಗೆ ಕರೆದುಕೊಂಡು ಹೋದಳು. ಅಪ್ಪನ ಆಫೀಸಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅವಳು ಡಿಪ್ಲೊಮಾ ಕಲಿತದ್ದು ಅದರ ಮೇಲೆಯೇ, ಆ ರನ್‌ಟೈಮ್ ಅದರಲ್ಲಿ ಮೊದಲೇ ಇತ್ತು. ಹೊರಗೆ ಗಿರಣಿ ಸದ್ದು, ಒಳಗೆ ತೌಡಿನ ವಾಸನೆ. ಫ್ಲಾಪಿ ಹಾಕಿದವಳೇ ತಿರುಗಿ ಕೇಳಿದಳು:

"ಇದನ್ನ ನೀವೊಬ್ಬರೇ ಇಳಿಸಿದ್ರೇನ್ರಿ? ರನ್‌ಟೈಮ್ ಸೈತ?"

"ಹ್ಞೂಂ. ಎಫ್‌ಟಿಪಿಯಿಂದ."

"ನನಗ ಎಫ್‌ಟಿಪಿ ಕಮಾಂಡ್ ಬರಂಗಿಲ್ರಿ ಅಕ್ಕಾ. ಬರೇ ಒತ್ತೋದು ಬರ್ತೈತಿ."

ಆ ಮಾತು ಕೇಳಿ ನನಗಾದ ಸುಖವನ್ನು ಮುಖದ ಮೇಲೆ ಬರದಂತೆ ತಡೆಯಲು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

ಆ ಪ್ರೋಗ್ರಾಮಿನ ಜೊತೆಗಿದ್ದ ಒಂದು ಫೈಲನ್ನು ಅವಳು ತೆರೆದು ತೋರಿಸಿದಳು. ಎರಡು ಸಾಲಿನ ಒಂದು ಪಟ್ಟಿ. ಎಡಕ್ಕೆ ಅಲ್ಲಿನ ಅಕ್ಷರದ ಸಂಕೇತ, ಬಲಕ್ಕೆ ನಮ್ಮಲ್ಲಿನದು. ತಪ್ಪಿದ ಒತ್ತಕ್ಷರಗಳನ್ನು ಇಲ್ಲೇ ತಿದ್ದಬಹುದಿತ್ತು. ನಮ್ಮ ಸಾಫ್ಟ್‌ವೇರಿನ ಸಂಕೇತಗಳು ನನಗೆ ಬಾಯಿಪಾಠ. ಅವಳು ಕೇಳುತ್ತ ಹೋದಳು, ನಾನು ಹೇಳುತ್ತ ಹೋದೆ. ಅರ್ಕಾವತ್ತಿನ ಸಮಸ್ಯೆ ಮಾತ್ರ ಬೇರೆಯಿತ್ತು. ಒಂದರಲ್ಲಿ ಅದರ ಗುರುತು ಅಕ್ಷರದ ಮೊದಲು ಇರುತ್ತಿತ್ತು, ಇನ್ನೊಂದರಲ್ಲಿ ಆಮೇಲೆ. ಪಟ್ಟಿ ತಿದ್ದಿದರೆ ಸಾಲದು, ಗುರುತನ್ನು ಎತ್ತಿ ಆ ಕಡೆಯಿಂದ ಈ ಕಡೆ ಇಡಬೇಕು.

ಅವಳು ತನ್ನ ಡಿಪ್ಲೊಮಾ ಕಾಲದ ಫ್ಲಾಪಿಗಳನ್ನು ತಂದು ಒಂದು ಸಣ್ಣ ಪ್ರೋಗ್ರಾಮ್ ಬರೆಯಲು ಕೂತಳು. ಮೊದಲನೆಯದರಿಂದ ಬಂದದ್ದನ್ನು ಇದು ಮತ್ತೊಮ್ಮೆ ಸೋಸಬೇಕು. ಅವಳು ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಎರಡು ಸಾಲು ಹೊಡೆಯುತ್ತಿದ್ದಳು, ನಿಲ್ಲಿಸುತ್ತಿದ್ದಳು, ತುಟಿ ಕಚ್ಚುತ್ತಿದ್ದಳು, ಅಳಿಸುತ್ತಿದ್ದಳು. ಟೈಪಿಂಗ್ ಬಲು ನಿಧಾನ. ಆದರೆ ಏನೂ ಇಲ್ಲದ ಜಾಗದಿಂದ ಏನನ್ನೋ ತೆಗೆಯುತ್ತಿದ್ದಳು. ನಾನು ಬದುಕಿನಲ್ಲಿ ಯಾವತ್ತೂ ಬೇರೆಯವರು ಬರೆದದ್ದನ್ನೇ ಹೊಡೆದವಳು. ಕ್ಯಾಲೆಂಡರ್ ನೋಡುತ್ತ ಪಟ್ಟ ಸುಖ ಅಲ್ಲಿಗೆ ಮುಗಿಯಿತು.

ಅರ್ಧ, ವರ್ಷ, ಸೂರ್ಯ, ಎಲ್ಲ ಸರಿಯಾದವು.

"ಇನ್ನೊಂದು ಗಟ್ಟಿ ಶಬ್ದ ಕೊಡ್ರಿ ಅಕ್ಕಾ. ಅರ್ಕಾವತ್ತೂ ಇರಬೇಕು, ಕೆಳಗ ಒತ್ತೂ ಇರಬೇಕು."

ಕೀಬೋರ್ಡ್ ನನ್ನ ಕಡೆ ಎಳೆದುಕೊಂಡು ಬೆರಳಿಗೆ ಬಂದದ್ದನ್ನು ಹೊಡೆದೆ: ಈರ್ಷ್ಯೆ.

ಪ್ರೋಗ್ರಾಮ್ ಅಲ್ಲಿ ಮುಗ್ಗರಿಸಿತು. ಅರ್ಕಾವತ್ತು ಷಕಾರಕ್ಕೂ ಕೆಳಗಿನ ಯಕಾರಕ್ಕೂ ನಡುವೆ ಸಿಕ್ಕಿಹಾಕಿಕೊಂಡಿತು. ಒತ್ತನ್ನೂ ದಾಟಿ ಆಚೆ ಹಾರಬೇಕು ಅಂತ ನಾನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ಎರಡು ಒತ್ತಿದ್ದರೆ? ಎರಡನ್ನೂ ದಾಟಬೇಕು. ಅವಳು ಮತ್ತೆ ಬರೆದಳು. ಊಟಕ್ಕೆ ಕರೆಯಲು ಬಂದ ಅವಳ ತಾಯಿ ಬಾಗಿಲಲ್ಲಿ ನಿಂತು, ನಿಂತು, ಕೊನೆಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ಅಲ್ಲಿಗೇ ಕಳಿಸಿದರು. ಕೈಗೆಲ್ಲ ಎಣ್ಣೆ ಮಾಡಿಕೊಂಡು ಪರದೆಗೆ ಮುಖ ಹಚ್ಚಿ ಕೂತಿದ್ದಾಗ, ಈರ್ಷ್ಯೆ ಅನ್ನುವುದು ಅಚ್ಚುಕಟ್ಟಾಗಿ, ಎಲ್ಲ ಒತ್ತುಗಳ ಸಮೇತ ಮೂಡಿತು.

"ಬಂತು!" ಅಂತ ಅವಳು ನನ್ನ ತೋಳು ಹಿಡಿದು ಅಲ್ಲಾಡಿಸಿದಳು.

ಸಿಸ್ಟರ್ ಮತ್ತೆ ಪೂರ್ತಿ ಓದಿದರು, ಕಂಪ್ಲಿಯಿಂದ ತಂದ ಪ್ರತಿಯನ್ನು ತಮ್ಮ ಹಳೆಯ ಪ್ರತಿಯ ಪಕ್ಕದಲ್ಲಿಟ್ಟುಕೊಂಡು. ಎಲ್ಲೂ ಬೆರಳಿಡಲಿಲ್ಲ. ಪುಸ್ತಿಕೆ ಶಿಬಿರದ ಹೊತ್ತಿಗೆ ಯಶವಂತನಗರ ಮುಟ್ಟಿತು.

ಜಗಳವಾದದ್ದು ಅದಾದ ಮೇಲೆ. ಆ ಪ್ರೋಗ್ರಾಮ್ ಬರೆದವರು, ಇದನ್ನು ಯಾರಾದರೂ ಸುಧಾರಿಸಿದರೆ ದಯವಿಟ್ಟು ಹಿಂದಕ್ಕೆ ಕಳಿಸಿ, ಎಲ್ಲರಿಗೂ ಉಪಯೋಗವಾಗಲಿ ಅಂತ ಅದರ ಜೊತೆ ಬರೆದಿಟ್ಟಿದ್ದರು. ವಾರಗಿತ್ತಿ ಕಳಿಸೋಣ ಅಂದಳು.

"ಯಾಕ ಕಳಿಸಬೇಕು?" ಅಂದೆ. "ಎದುರಿನ ಅಂಗಡಿಯೋರು ನಾಳೆ ಇಳಿಸಿಕೊಂಡು ಕುಂದ್ರತಾರ. ಗಂಗಾವತಿಯೋರು, ಬಳ್ಳಾರಿಯೋರು ಎಲ್ಲಾರೂ. ಹಂಪಿಗೆ ಅಲದಾಕಿ ನಾನು, ತಿಂದು ಕುಂದ್ರೋರು ಅವರು?"

"ಅಕ್ಕಾ, ನೀವು ಇಳಿಸಿಕೊಂಡದ್ದೂ ಯಾರೋ ಇಟ್ಟಿದ್ರು ಅಂತನೇ ಅಲ್ರಿ?"

ಎದ್ದು ಹೋಗಿ ನನ್ನ ಅರ್ಜಿಗಳ ಮುಂದೆ ಕೂತೆ. ಸಂಜೆ ಅಂಗಡಿಯಲ್ಲಿ ಜನ ಕಡಿಮೆಯಾದಾಗ ಆ ಮೂಲೆಗೆ ಹೋಗಿ ನಿಂತೆ.

"ಆತು, ಕಳಿಸೋಣು. ಆದ್ರ ನನ್ನ ಹೆಸರು ಮೊದಲು ಇರಬೇಕು. ನಾನೇ ಕಳಿಸಬೇಕು."

ಅವಳು ನಗಲಿಲ್ಲ. ಓದಿಕೊಳ್ಳಬೇಕಾದ ಫೈಲಿನಲ್ಲಿ ಪಟ್ಟಿ ತಿದ್ದಿದವರು ಅಂತ ಮೊದಲು ನನ್ನ ಹೆಸರು, ಕೆಳಗೆ ಪ್ರೋಗ್ರಾಮ್ ಬರೆದವರು ಅಂತ ತನ್ನ ಹೆಸರು ಹಾಕಿದಳು. ನಾನು ಕರಿ ಪರದೆ ತೆಗೆದು, ಬೈನರಿ ಅಂತ ಹೊಡೆದು, ಗೆಟ್ ಬದಲು ಪುಟ್ ಅಂತ ಹೊಡೆದೆ. ಮೇಲೆ ಅತ್ತೆ ಬುಟ್ಟಿ ಬೋರಲು ಹಾಕಿ ಕಾಯುತ್ತಿದ್ದರು. ಹೊಸಪೇಟೆಯಿಂದ ನಮ್ಮ ಸಾಮಾನು ಹೊರಟಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಎದುರಿನ ಡಿಟಿಪಿಯವರು ಒಂದು ದಿನ ರಸ್ತೆ ದಾಟಿ ಬಂದರು. ಎಷ್ಟೋ ವರ್ಷದಿಂದ ನನ್ನ ಜೊತೆ ಪೈಪೋಟಿ ಇದ್ದವರು, ಮಾತು ಕಡಿಮೆ. "ಬರ್ರಿ, ನಿಮಗೊಂದು ಮಸ್ತ್ ಸಾಮಾನು ತೋರಿಸ್ತೀನಿ. ನೆಟ್ಟಿನಿಂದ ಇಳಿಸೀನಿ," ಅಂತ ನಮ್ಮಿಬ್ಬರನ್ನೂ ಕರೆದರು. ಹೋದೆವು. ಅವರ ಪರದೆಯ ಮೇಲೆ ನಮ್ಮದೇ ಪ್ರೋಗ್ರಾಮ್ ಇತ್ತು.

"ಅರ್ಕಾವತ್ತು ನೋಡ್ರಿ, ಹೆಂಗ ಕುಂದ್ರಿಸ್ತೈತಿ!" ಅಂದರು, ತಾವೇ ಬರೆದವರ ಹಾಗೆ.

"ಅದರಾಗ ಓದೋದೊಂದು ಫೈಲ್ ಇರ್ತೈತ್ರಿ, ತೆಗೀರಿ," ಅಂದೆ.

ತೆಗೆದರು. ಓದಿದರು. ನನ್ನ ಮುಖ ನೋಡಿದರು, ಮತ್ತೆ ಪರದೆ ನೋಡಿದರು. "ನೀವಾ?" ಅಂದರು. ಅವರ ಮುಖದಲ್ಲಿ ಒಂದು ಗಳಿಗೆ ಹಾದುಹೋದದ್ದನ್ನು ನಾನು ಚೆನ್ನಾಗಿ ಬಲ್ಲೆ. ಅದೆಷ್ಟು ಹಿತವಾಗಿತ್ತೆಂದರೆ, ಇನ್ನೊಂದು ಗಳಿಗೆ ಇರಲಿ ಅನಿಸಿತು.

ಇರಲಿಲ್ಲ. ಅವರ ಕಣ್ಣು ಎರಡನೇ ಸಾಲಿಗೆ ಇಳಿಯಿತು. "ಪ್ರೋಗ್ರಾಮ್ ಬರದೋರು ನೀವೇನ್ರಿ?" ಅಂತ ವಾರಗಿತ್ತಿಯ ಕಡೆ ತಿರುಗಿದರು. ಕುರ್ಚಿ ಎಳೆದು ಕೂರಿಸಿದರು, ಚಹಾ ತರಿಸಿದರು. ಇದು ಹೆಂಗ ಬರದ್ರಿ, ಅದು ಹೆಂಗ ದಾಟ್ತೈತಿ, ಇಂಗ್ಲಿಷ್ ನಡುವೆ ಬಂದ್ರ ಏನು ಮಾಡ್ತೈತಿ. ಎಲ್ಲ ಪ್ರಶ್ನೆಯೂ ಅವಳಿಗೇ. "ಪಟ್ಟಿ ಎಲ್ಲಾ ಅಕ್ಕನದ್ರಿ," ಅಂತ ಅವಳು ಎರಡು ಸಲ ಹೇಳಿದಳು. ಅವರು "ಹೌದ್ರಿ, ಹೌದ್ರಿ" ಅಂದು ಮತ್ತೆ ಅವಳನ್ನೇ ಕೇಳಿದರು. ನನ್ನ ಚಹಾ ಆರಿತು.

ನಮ್ಮ ಅಂಗಡಿಗೆ ವಾಪಸ್ ಬಂದು ನನ್ನ ಜಾಗದಲ್ಲಿ ಕೂತೆ. ಟೈಪ್ ಮಾಡಬೇಕಾದ ಅರ್ಜಿಗಳಿದ್ದವು. ಒಂದನ್ನೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಅವಳ ಮೂಲೆಗೆ ಹೋದೆ.

"ನನಗ ಪ್ರೋಗ್ರಾಮ್ ಬರಿಯೋದು ಕಲಿಸ್ತಿಯೇನು?"

ಅವಳು ತಲೆ ಎತ್ತಿದಳು. "ಯಾಕ್ರಿ ಅಕ್ಕಾ? ಇಷ್ಟು ದಿನ ಬ್ಯಾಡ ಅಂತಿದ್ರಿ."

ಹೇಳಲು ಬೇರೆ ಕಾರಣಗಳಿದ್ದವು. ಅಂಗಡಿಗೆ ಒಳ್ಳೇದು, ಸಿಸ್ಟರಿಗೆ ಇನ್ನೊಂದು ಪುಸ್ತಿಕೆ ಇದೆ, ಕಲಿತರೆ ತಪ್ಪೇನು. ಒಂದೂ ಬಾಯಿಗೆ ಬರಲಿಲ್ಲ.

"ನಿನ್ನ ಮ್ಯಾಲೆ ನನಗ ಭಾಳ ಹೊಟ್ಟಿಕಿಚ್ಚು ಐತಿ. ಅದಕ್ಕ."

ಅವಳು ಝೆರಾಕ್ಸಿಗೆ ನಿಂತವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. ನಕ್ಕು ಮುಗಿದ ಮೇಲೆ ಕಾಲಿನಿಂದ ಇನ್ನೊಂದು ಕುರ್ಚಿ ಎಳೆದು ತನ್ನ ಪಕ್ಕಕ್ಕೆ ಹಚ್ಚಿದಳು.

"ಕುಂದ್ರಿ," ಅಂದಳು.